ಮಾರ್ಚ್ ತಿಂಗಳ ಸರದಿ: ಒಂದು ಸಹಕಾರ ಸಂಘ ಬೇಡದ ಕೆಲಸ ಬಿಟ್ಟ ಪ್ರಕರಣ

ಇದು ಮಲೆನಾಡಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಡೆದದ್ದು. ಊರು, ಸಂಘ, ಜನ ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಸಹಕಾರ ಸಂಘಗಳ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಈ ಸಂಘಕ್ಕೆ ಹೋಗಿ ಬಂದು ಮಾಡುತ್ತಿದ್ದ ಕಾಲದಲ್ಲಿ ಕಂಡದ್ದನ್ನು, ಅಲ್ಲಿನವರ ಒಪ್ಪಿಗೆ ತೆಗೆದುಕೊಂಡು ಬರೆಯುತ್ತಿದ್ದೇನೆ. ಕಚೇರಿ ನಡೆಸುವವರಿಗೆ, ಅದರಲ್ಲೂ ಕಡಿಮೆ ಜನ ಇಟ್ಟುಕೊಂಡು ಜಾಸ್ತಿ ಕೆಲಸ ಮಾಡಿಸಬೇಕಾದವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನ್ನುವ ನಂಬಿಕೆ ನನ್ನದು.

ಹಿನ್ನೆಲೆ

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ ಅದರ ಮುಖ್ಯ ಕೆಲಸ ಒಂದೇ: ರೈತರಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುವ ಹಾಗೆ ಮಾಡುವುದು. ಈಗ ಹಳ್ಳಿಯ ಸಂಘಕ್ಕೆ ಹೋಗಿ ನೋಡಿ. ಬೆಳೆಸಾಲ ಇದೆ, ಚಿನ್ನದ ಮೇಲಿನ ಸಾಲ ಇದೆ, ಠೇವಣಿ, ಪಿಗ್ಮಿ, ಗೊಬ್ಬರದ ಅಂಗಡಿ, ಪಕ್ಕದಲ್ಲೇ ನ್ಯಾಯಬೆಲೆ ಅಂಗಡಿ. ಒಂದೊಂದೇ ಕೆಲಸ ಬಂದು ಸೇರಿಕೊಂಡಿತು. ಸೇರಿಸುವಾಗ ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೇ ಇತ್ತು. ತೆಗೆದು ಹಾಕಿದ್ದು ಮಾತ್ರ ತೀರಾ ಕಡಿಮೆ.

ನಾನು ಹೇಳುತ್ತಿರುವ ಸಂಘದಲ್ಲಿ ಸುಮಾರು ಎರಡು ಸಾವಿರ ಸದಸ್ಯರು. ಹೆಚ್ಚಿನವರು ಒಂದೆರಡು ಎಕರೆ ಅಡಿಕೆ ತೋಟದವರು. ಸಿಬ್ಬಂದಿ ಏಳು ಜನ. ಅವರ ಮೇಲೆ ಮುಖ್ಯ ಕಾರ್ಯನಿರ್ವಾಹಕರು, ಎಲ್ಲರೂ ಕರೆಯುವುದು ಮ್ಯಾನೇಜರ್ ಮೇಡಂ ಅಂತ. ಗುಮಾಸ್ತೆಯಾಗಿ ಸೇರಿ, ಅದೇ ಸಂಘದಲ್ಲಿ ಮೇಲೆ ಬಂದವರು. ಯಾವ ಮೇಜಿನಲ್ಲಿ ಏನು ನಡೆಯುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಈ ಪ್ರಕರಣ ಅರ್ಥವಾಗಬೇಕಾದರೆ ಬೆಳೆಸಾಲದ ವಿಷಯ ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಇದರ ಮಿತಿ 3 ಲಕ್ಷ ಇದ್ದದ್ದು 2023ರಲ್ಲಿ 5 ಲಕ್ಷಕ್ಕೆ ಏರಿತು. ಆದರೆ ಒಂದು ಷರತ್ತು: ಗಡುವಿನ ಒಳಗೆ ಅಸಲು ಕಟ್ಟಲೇಬೇಕು. ತಪ್ಪಿದರೆ ಬಡ್ಡಿ ಬೀಳುತ್ತದೆ. ಮಾರ್ಚ್ ಹೊತ್ತಿಗೆ ಎಲ್ಲ ರೈತರ ಕೈಯಲ್ಲೂ ದುಡ್ಡು ಇರುವುದಿಲ್ಲ. ಅಡಿಕೆ ಮಾರಿದ್ದು ಮದುವೆಗೋ ಆಸ್ಪತ್ರೆಗೋ ಹೋಗಿರುತ್ತದೆ. ಆಗ ಅವರು ಮಾಡುವುದು ಕೈಸಾಲ. ಯಾರ ಹತ್ತಿರವೋ ತಂದು ಸಂಘಕ್ಕೆ ಕಟ್ಟುತ್ತಾರೆ. ಸಂಘ ಸಾಲ ನವೀಕರಿಸಿ ಮತ್ತೆ ಹಣ ಕೊಟ್ಟ ಮೇಲೆ ಕೈಸಾಲ ತೀರಿಸುತ್ತಾರೆ. ಕಟ್ಟಿದ ದಿನದಿಂದ ಮತ್ತೆ ಹಣ ಸಿಗುವ ದಿನದವರೆಗೆ ರೈತನ ತಲೆ ಮೇಲೆ ಖಾಸಗಿ ಬಡ್ಡಿ ಓಡುತ್ತಿರುತ್ತದೆ.

ಇನ್ನೊಂದು ವಿಷಯ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಸಂಘಗಳನ್ನು ಗಣಕೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಸಂಘಕ್ಕೂ ಹೊಸ ಸಾಫ್ಟ್‌ವೇರ್ ಬಂತು. ಲೆಕ್ಕ ಸರಿ ಹೊಂದುವವರೆಗೆ ಕೈಬರಹದ ಪುಸ್ತಕವನ್ನೂ ಜೊತೆಗೆ ಇಟ್ಟುಕೊಳ್ಳೋಣ ಎಂದು ಅವರು ಅಂದುಕೊಂಡರು. ಅದು ಸರಿಯಾದ ನಿರ್ಧಾರವೇ. ಆದರೆ ಯಾವತ್ತು ನಿಲ್ಲಿಸುವುದು ಎಂದು ಯಾರೂ ಬರೆದಿಡಲಿಲ್ಲ.

ತೊಂದರೆ

ಮಾರ್ಚ್ ಬಂತು ಅಂದರೆ ಕಚೇರಿಯ ಜಗುಲಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೇ ಜನ. ಒಳಗೆ ಸಿಬ್ಬಂದಿ ರಾತ್ರಿ ಎಂಟರವರೆಗೆ ಕೂರುತ್ತಿದ್ದರು. ಕ್ಯಾಶ್ ಕೌಂಟರಿನಲ್ಲಿದ್ದ ಹುಡುಗಿಗೆ ಆರೂವರೆಯ ಕೊನೆಯ ಬಸ್ಸು ತಪ್ಪುತ್ತಿತ್ತು. ದಿನಾ ಅಣ್ಣ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗಬೇಕು. ಇಷ್ಟು ದುಡಿದರೂ ಒಂದು ನವೀಕರಣಕ್ಕೆ ಮೂರು ವಾರ ಹಿಡಿಯುತ್ತಿತ್ತು. ಯಾರೂ ಸೋಮಾರಿಗಳಲ್ಲ. ಎಲ್ಲರೂ ತಲೆ ಎತ್ತದೆ ಕೆಲಸ ಮಾಡುತ್ತಿದ್ದರು. ಅದನ್ನು ಕಣ್ಣಾರೆ ಕಂಡವನು ನಾನು, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೊರಗೆ ಕಾಯುವವರಿಗೆ ಮಾತ್ರ ಒಳಗಿನವರು ಸುಮ್ನೆ ಕೂತಿದ್ದಾರೆ ಅನ್ನಿಸುತ್ತಿತ್ತು.

ಮೊದಲು ಮಾಡಿ ನೋಡಿದ್ದು

ಮೇಡಂ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಸಮಯ ಹೆಚ್ಚಿಸಿದ್ದು. ಮಾರ್ಚ್‌ನ ಭಾನುವಾರಗಳಂದು ಕಚೇರಿ ತೆರೆದರು. ಎರಡನೇ ವಾರಕ್ಕೆ ಇಬ್ಬರು ಜ್ವರ ಬಂದು ಮಲಗಿದರು. ಆಮೇಲೆ ಟೈಪಿಂಗಿಗೆಂದು ತಾತ್ಕಾಲಿಕವಾಗಿ ಒಬ್ಬ ಹುಡುಗನನ್ನು ತೆಗೆದುಕೊಂಡರು. ಅವನಿಗೆ ಸರ್ವೆ ನಂಬರು, ಹಿಸ್ಸೆ ನಂಬರು ಅಂದರೆ ಏನು ಅಂತ ಗೊತ್ತಿಲ್ಲ. ಅವನು ಹಾಕಿದ್ದನ್ನೆಲ್ಲ ಇನ್ನೊಬ್ಬರು ಕೂತು ತಿದ್ದಬೇಕಾಯಿತು. ಒಬ್ಬರ ಕೆಲಸ ಇಬ್ಬರದಾಯಿತು.

ಮೂರನೆಯದು ತರಬೇತಿಯೊಂದರಲ್ಲಿ ಕಲಿತ ನಾಲ್ಕು ಚೌಕದ ಪಟ್ಟಿ. ತುರ್ತು ಮತ್ತು ಮುಖ್ಯ, ತುರ್ತಲ್ಲ ಆದರೆ ಮುಖ್ಯ, ಹೀಗೆ. ಒಂದು ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ಅವರವರ ಕೆಲಸ ಯಾವ ಚೌಕಕ್ಕೆ ಬರುತ್ತದೆ ಎಂದು ಬರೆಯಲು ಹೇಳಿದರು. ಹೆಚ್ಚುಕಮ್ಮಿ ಎಲ್ಲ ಕೆಲಸವೂ ಮೊದಲನೇ ಚೌಕದಲ್ಲೇ ಬಂದು ಕೂತಿತು. ಅದು ಸಹಜ ಅಲ್ವಾ? ಹತ್ತಿಪ್ಪತ್ತು ವರ್ಷ ಮಾಡಿದ ಕೆಲಸವನ್ನು ಮುಖ್ಯವಲ್ಲ ಎಂದು ಯಾರು ತಾನೇ ಬರೆಯುತ್ತಾರೆ? ಮುಖ್ಯವೋ ಅಲ್ಲವೋ ಎಂದು ಕೆಲಸ ಮಾಡುವವರನ್ನೇ ಕೇಳಿದರೆ ಸಿಗುವ ಉತ್ತರ ಅವರ ಬಗ್ಗೆ ಹೇಳುತ್ತದೆ, ಕೆಲಸದ ಬಗ್ಗೆ ಅಲ್ಲ. ನಾಲ್ಕು ಚೌಕದಲ್ಲಿ ತಪ್ಪಿಲ್ಲ. ಯಾರಿಗೆ ಮುಖ್ಯ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ, ಅಷ್ಟೇ.

ಒಂದು ಫೈಲಿನ ಹಿಂದೆ ಹೋದಾಗ

ತಿರುವು ಬಂದದ್ದು ಒಬ್ಬ ಸದಸ್ಯರ ಮಾತಿನಿಂದ. ಎರಡು ಲಕ್ಷ ಕೈಸಾಲ ತಂದು ಕಟ್ಟಿದವರು. ದಿನ ಬಿಟ್ಟು ದಿನ ಬಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಕೌಂಟರಿನ ಹತ್ತಿರ ನಿಂತು ಗಟ್ಟಿಯಾಗಿಯೇ ಕೇಳಿದರು: "ಮೇಡಂ, ಸಂಘದ ಸಾಲಕ್ಕೆ ಬಡ್ಡಿ ಸೊನ್ನೆ ಅಂತೀರಿ. ನಾನು ಹೊರಗೆ ಕಟ್ತಾ ಇರೋ ಬಡ್ಡಿ ಯಾರ ಲೆಕ್ಕಕ್ಕೆ ಬರುತ್ತೆ?"

ಮೇಡಂ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟು, ಕೈಸಾಲದ ಬಡ್ಡಿ ಎಷ್ಟು ಎಂದು ಕೇಳಿದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಎರಡು ಲಕ್ಷಕ್ಕೆ ತಿಂಗಳಿಗೆ 6,000. ಅಂದರೆ ದಿನಕ್ಕೆ 200 ರೂಪಾಯಿ. ಮೂರು ವಾರಕ್ಕೆ 4,200. ಬಡ್ಡಿಯೇ ಇಲ್ಲದ ಸಾಲಕ್ಕೆ ಒಬ್ಬ ರೈತ ತೆರುತ್ತಿದ್ದ ಬೆಲೆ ಇದು. ಸಂಘದ ಯಾವ ಪುಸ್ತಕದಲ್ಲೂ ಈ ಅಂಕಿ ಬರುವುದಿಲ್ಲ.

ಅವತ್ತೇ ಮೇಡಂ ಹೊಸದಾಗಿ ಬಂದ ಒಂದು ನವೀಕರಣದ ಫೈಲು ತೆಗೆದುಕೊಂಡು, ಅದರ ಮೇಲೆ ಒಂದು ಬಿಳಿ ಹಾಳೆ ಪಿನ್ ಮಾಡಿದರು. ಫೈಲು ಯಾರ ಮೇಜಿಗೆ ಬಂದರೂ, ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಮುಂದೆ ಕಳಿಸಿದ ಹೊತ್ತು ಮೂರನ್ನೂ ಬರೆಯಬೇಕು. ಆ ಹಾಳೆಯನ್ನು ನಾನು ನೋಡಿದ್ದೇನೆ. ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈಬರಹ, ಒಂದು ಕಡೆ ಚಹಾದ ಕಲೆ. ಫೈಲು ಮುಗಿಯಲು 21 ದಿನ ಹಿಡಿದಿತ್ತು. ಜನ ಅದರ ಮೇಲೆ ಕೂತು ಕೆಲಸ ಮಾಡಿದ್ದು ಎಲ್ಲ ಸೇರಿ ಎರಡು ಗಂಟೆಯೂ ಆಗುವುದಿಲ್ಲ. ಉಳಿದದ್ದೆಲ್ಲ ಕಾಯುವುದು.

ಎಲ್ಲಿ ಕಾದಿತ್ತು? ಅರ್ಧದಷ್ಟು ದಿನ ಸಾಲದ ಉಪಸಮಿತಿ ಸಭೆಗೆ. ಸಭೆ ತಿಂಗಳಿಗೊಮ್ಮೆ, ಹದಿನೈದನೇ ತಾರೀಕು. ನಾಲ್ಕು ದಿನ ಪಹಣಿಯ ಜೆರಾಕ್ಸ್ ಒಂದು ಕಮ್ಮಿ ಇದೆ ಎಂದು ಸದಸ್ಯರನ್ನು ವಾಪಸ್ ಕಳಿಸಿದ್ದಕ್ಕೆ. ಮಿಕ್ಕ ದಿನ ಸಾಲದ ಗುಮಾಸ್ತರ ಮೇಜಿನಲ್ಲಿ. ಅವರು ಮಧ್ಯಾಹ್ನ ಮೂರರಿಂದ ಅವತ್ತಿನ ವ್ಯವಹಾರವನ್ನೆಲ್ಲ ಕೈಬರಹದ ಲೆಡ್ಜರಿಗೆ ಇಳಿಸಬೇಕಿತ್ತು. ಬೆಳಿಗ್ಗೆ ಅದೇ ವ್ಯವಹಾರ ಕಂಪ್ಯೂಟರಿಗೆ ಹೋಗಿಯಾಗಿತ್ತು.

ಇಲ್ಲಿಯವರೆಗೆ ಎಲ್ಲರೂ ಜನ ಕಮ್ಮಿ ಎಂದುಕೊಂಡಿದ್ದರು. ಆ ಹಾಳೆ ಬೇರೆಯದೇ ಹೇಳಿತು.

ಆಮೇಲೆ ಮೇಡಂ ಸಂಘದ ಕೆಲಸಗಳ ಪಟ್ಟಿಯನ್ನು ಹೊಸದಾಗಿ ಬರೆದರು. ಈ ಸಲ ಒಂದೇ ಪ್ರಶ್ನೆ: ಈ ಕೆಲಸ ಒಂದು ದಿನ ತಡವಾದರೆ ನಷ್ಟ ಯಾರಿಗೆ, ಎಷ್ಟು? ನವೀಕರಣ ತಡವಾದರೆ ರೈತನಿಗೆ ದಿನಕ್ಕೆ ನೂರಾರು ರೂಪಾಯಿ. ಚಿನ್ನದ ಸಾಲ ತಡವಾದರೆ, ಆಸ್ಪತ್ರೆಗೆ ದುಡ್ಡು ಹೊಂದಿಸಲು ಬಂದವರಿಗೆ ಅದಕ್ಕಿಂತ ದೊಡ್ಡ ಕಷ್ಟ. ತಿಂಗಳ ತಖ್ತೆ, ಅಂದರೆ ಲೆಕ್ಕದ ವರದಿ, ತಡವಾದರೆ ಮೇಲಿನ ಬ್ಯಾಂಕಿನಿಂದ, ಅಂದರೆ ಸಂಘಕ್ಕೆ ಸಾಲದ ಹಣ ಕೊಡುವ ಜಿಲ್ಲಾ ಸಹಕಾರ ಬ್ಯಾಂಕಿನಿಂದ, ಒಂದು ಫೋನು ಬರುತ್ತದೆ. ಅಧ್ಯಕ್ಷರಿಗೆ ದಿನಾ ಕಳಿಸುವ ಸಂಜೆಯ ವರದಿ ತಡವಾದರೆ ಬಹುಶಃ ಯಾರಿಗೂ ಏನೂ ಆಗುವುದಿಲ್ಲ. ನಾಲ್ಕು ಚೌಕದಲ್ಲಿ ಒಂದೇ ಕಡೆ ಕೂತಿದ್ದ ಕೆಲಸಗಳು ಈಗ ತಾವಾಗಿಯೇ ಮೇಲೆ ಕೆಳಗೆ ಸರಿದವು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ. ಕಚೇರಿಯಲ್ಲಿ ಜೋರಾಗಿ ಕೇಳುವವರ ಕೆಲಸ ಮೊದಲು ಆಗುತ್ತದೆ. ತಡದ ಬೆಲೆ ಕಟ್ಟುವವರು ಮಾತ್ರ ಹೊರಗೆ ಜಗುಲಿಯಲ್ಲಿ ಕೂತಿರುತ್ತಾರೆ.

ನಿಲ್ಲಿಸಿದ್ದು, ನಿಲ್ಲಿಸದೇ ಉಳಿಸಿದ್ದು

ಮೊದಲ ನಿರ್ಧಾರ ಸಭೆಯ ಬಗ್ಗೆ. ಬೆಳೆಸಾಲ ಕೊಡುವುದು ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ. ಅದರ ಸಾಲಮಿತಿ ಮಂಜೂರಾಗುವುದು 5 ವರ್ಷಕ್ಕೆ, ವರ್ಷಕ್ಕೊಮ್ಮೆ ಪರಿಶೀಲನೆ ಮಾತ್ರ. ಆದರೂ ಈ ಸಂಘದಲ್ಲಿ ಪ್ರತಿ ನವೀಕರಣವನ್ನೂ ಹೊಸ ಅರ್ಜಿಯ ಹಾಗೆ ಮೊದಲಿನಿಂದ ನೋಡುತ್ತಿದ್ದರು. ಆಡಳಿತ ಮಂಡಳಿಯ ಮುಂದೆ ಮೇಡಂ ಒಂದು ಠರಾವು ಇಟ್ಟರು: ಜಮೀನು, ಬೆಳೆ, ಮಿತಿ ಯಾವುದೂ ಬದಲಾಗದ ಮತ್ತು ಗಡುವಿನಲ್ಲಿ ಕಟ್ಟಿದ ಸದಸ್ಯರ ನವೀಕರಣಗಳನ್ನು, ಮೂವರು ನಿರ್ದೇಶಕರ ಉಪಸಮಿತಿ ಮಾರ್ಚ್‌ನಿಂದ ಮೇವರೆಗೆ ಪ್ರತಿ ಮಂಗಳವಾರ ಕೂತು ಪಟ್ಟಿಯಾಗಿ ನೋಡಬೇಕು. ಹೊಸ ಸಾಲ, ಮಿತಿ ಏರಿಸುವುದು ಇವೆಲ್ಲ ಹಿಂದಿನಂತೆಯೇ ತಿಂಗಳ ಸಭೆಗೆ. ಇಬ್ಬರು ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. ವಾರವಾರ ಬರಬೇಕಲ್ಲ ಎನ್ನುವುದು ಅವರ ಕಷ್ಟ. ಆಗ ಮೇಡಂ ಆ 200 ರೂಪಾಯಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಿರ್ದೇಶಕರೂ ತೋಟದವರೇ. ಠರಾವು ಪಾಸಾಯಿತು.

ಎರಡನೆಯದು ಪಹಣಿ. ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಾಕಿದರೆ ಜಮೀನಿನ ವಿವರ ಸಿಗುತ್ತದೆ. ಪಹಣಿಯ 11ನೇ ಕಾಲಂನಲ್ಲಿ ಬರುವ ಋಣದ ದಾಖಲೆಯನ್ನೂ ಅಲ್ಲಿಂದಲೇ ಮಾಡಿಸಬಹುದು. ಹೀಗಿದ್ದರೂ ಸದಸ್ಯರಿಂದ ಮೂರು ಮೂರು ಜೆರಾಕ್ಸ್ ತರಿಸುತ್ತಿದ್ದರು. ಯಾಕೆ ಮೂರು ಎಂದು ಕೇಳಿದರೆ ಯಾರಲ್ಲೂ ಉತ್ತರವಿರಲಿಲ್ಲ. ಒಂದಕ್ಕೆ ಇಳಿಸಿದರು. ಅದನ್ನೂ ಕಚೇರಿಯಲ್ಲೇ ತೆಗೆದುಕೊಂಡರು.

ಮೂರನೆಯದು ಕಷ್ಟದ್ದು: ಕೈಬರಹದ ಪುಸ್ತಕಗಳು. "ಮೇಡಂ, ಇದನ್ನ ನಿಲ್ಲಿಸ್ಬಿಟ್ರೆ ನಾಳೆ ಆಡಿಟ್‌ನವ್ರು ಬಂದು ಕೇಳಿದ್ರೆ ಏನ್ ಹೇಳೋದು?" ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ಮೇಡಂ ವಾದ ಮಾಡಲು ಹೋಗಲಿಲ್ಲ. ರಿಜಿಸ್ಟರುಗಳ ಪೂರ್ತಿ ಪಟ್ಟಿ ಮಾಡಿ ಲೆಕ್ಕಪರಿಶೋಧಕರಿಗೆ ಪತ್ರ ಬರೆದರು. ಇವುಗಳಲ್ಲಿ ನಿಮಗೆ ಬೇಕಾದದ್ದು ಯಾವುವು, ಯಾವ ರೂಪದಲ್ಲಿ ಬೇಕು ಎಂದು ಕೇಳಿದರು. ಉತ್ತರವೂ ಬರವಣಿಗೆಯಲ್ಲೇ ಬಂತು. ದಿನದ ಕೊನೆಗೆ ಡೇ ಬುಕ್ಕಿನ ಪ್ರಿಂಟ್ ತೆಗೆದು, ಸಹಿ ಹಾಕಿ, ತಿಂಗಳಿಗೊಮ್ಮೆ ಹೊಲಿದು ಇಟ್ಟರೆ ಸಾಕು. ಸದಸ್ಯರ ರಿಜಿಸ್ಟರು, ಸಭೆಯ ನಡವಳಿ ಪುಸ್ತಕ, ಇನ್ನು ಕೆಲವು ಕಡ್ಡಾಯ. ಮಿಕ್ಕವು ಬೇಡ. ಇದು ಅವರ ಸಂಘಕ್ಕೆ ಸಿಕ್ಕ ಉತ್ತರ. ನೀವು ಹೀಗೆ ಮಾಡುವುದಾದರೆ ನಿಮ್ಮ ಲೆಕ್ಕಪರಿಶೋಧಕರನ್ನೇ ಕೇಳಬೇಕು, ಮತ್ತು ಬರವಣಿಗೆಯಲ್ಲೇ ಕೇಳಬೇಕು. ಆ ಪತ್ರ ಕೈಯಲ್ಲಿ ಬಂದ ಮೇಲೆ ಸಿಬ್ಬಂದಿಯ ಹೆದರಿಕೆ ಅರ್ಧ ಇಳಿಯಿತು.

ನಿಲ್ಲಿಸಿದ ಪುಸ್ತಕಗಳನ್ನು ಎಸೆಯಲಿಲ್ಲ. ಒಂದೊಂದಕ್ಕೂ ಕೆಂಪು ದಾರ ಕಟ್ಟಿ, ನಿಲ್ಲಿಸಿದ ತಾರೀಕು ಬರೆದ ಚೀಟಿ ಅಂಟಿಸಿ, ಬೀರುವಿನ ಮೇಲಿನ ಅಂತಸ್ತಿನಲ್ಲಿ ಇಟ್ಟರು. ಮೂರು ತಿಂಗಳಲ್ಲಿ ಯಾರಾದರೂ ಕೇಳಿದರೆ ಮತ್ತೆ ಇಳಿಸುವುದು ಎಂದು ಮಾತು.

ಇನ್ನು ಅಧ್ಯಕ್ಷರ ಚೀಟಿ. ದಿನಾ ಸಂಜೆ ಅವತ್ತಿನ ಜಮಾ, ಖರ್ಚು, ಸಾಲ ವಸೂಲಿ, ಗೊಬ್ಬರ ಮಾರಾಟ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಟೆಂಡರ್ ಕೈಯಲ್ಲಿ ಅಧ್ಯಕ್ಷರ ಮನೆಗೆ ಕಳಿಸಬೇಕಿತ್ತು. ಬರೆಯಲು ಮುಕ್ಕಾಲು ಗಂಟೆ. ಕ್ಯಾಶ್ ಕೌಂಟರಿನ ಹುಡುಗಿಗೆ ಬಸ್ಸು ತಪ್ಪುತ್ತಿದ್ದದ್ದು ಇದರಿಂದಲೇ. ಮೇಡಂ ಇದನ್ನು ಸದ್ದಿಲ್ಲದೆ ನಿಲ್ಲಿಸಬಹುದಿತ್ತು. ಹಾಗೆ ಮಾಡದೆ ಅಧ್ಯಕ್ಷರ ಮನೆಗೇ ಹೋದರು.

"ಅಧ್ಯಕ್ಷರೇ, ಈ ಚೀಟಿ ಬಂದ ಕೂಡ್ಲೇ ನೀವು ಮೊದ್ಲು ನೋಡೋದು ಯಾವುದನ್ನ?"

"ಕೈಮೇಲೆ ನಗದು ಎಷ್ಟಿದೆ, ಬ್ಯಾಂಕಲ್ಲಿ ಎಷ್ಟಿದೆ. ಅಷ್ಟೇ ಮೇಡಂ. ಹಿಂದೊಂದು ಸಲ ದುಡ್ಡು ಕಮ್ಮಿ ಬಿದ್ದು ರಾಮಾಯಣ ಆಗಿತ್ತಲ್ಲ. ಆ ಎರಡು ಅಂಕಿ ಗೊತ್ತಾಗದೆ ನಂಗೆ ನಿದ್ದೆ ಬರಲ್ಲ."

"ಆ ಎರಡು ಅಂಕಿ ದಿನಾ ಐದೂವರೆಗೆ ನಿಮ್ಮ ಫೋನಿಗೆ ಕಳಿಸ್ತೀವಿ. ಬಾಕಿದೆಲ್ಲ ಶನಿವಾರ ಒಟ್ಟಿಗೆ ಕೊಡ್ತೀನಿ. ಆಗಬಹುದಾ?"

"ಆಗಬಹುದು. ಆದ್ರೆ ಒಂದು ದಿನ ತಪ್ಪಿದ್ರೂ ಹಳೇ ಚೀಟಿನೇ ಬರಬೇಕು."

ಆ ಸಂದೇಶ ತಪ್ಪಲಿಲ್ಲ. ಚೀಟಿಯ ಹಿಂದೆ ನಿಜವಾದ ಒಂದು ಭಯ ಇತ್ತು. ಅದನ್ನು ತಿಳಿದುಕೊಳ್ಳದೆ ಚೀಟಿಯನ್ನಷ್ಟೇ ನಿಲ್ಲಿಸಿದ್ದರೆ, ಆ ಭಯ ಇನ್ನೊಂದು ರೂಪದಲ್ಲಿ ಬಂದು ಇನ್ನೂ ಹೆಚ್ಚು ಕೆಲಸ ಹಚ್ಚುತ್ತಿತ್ತು.

ಇದರ ನಡುವೆ ಸಿಬ್ಬಂದಿಯಲ್ಲಿ ಒಬ್ಬರು ಒಂದು ಸಲಹೆ ಕೊಟ್ಟರು. ಚಿನ್ನದ ಸೇಫಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ತೆರೆಯಬೇಕಾದಾಗೆಲ್ಲ ಇಬ್ಬರೂ ಎದ್ದು ಹೋಗಬೇಕು. ದಿನಕ್ಕೆ ಎಷ್ಟೋ ಸಲ. ಒಬ್ಬರ ಹತ್ತಿರವೇ ಇಟ್ಟರೆ ಸಮಯ ಉಳಿಯುತ್ತದೆ ಎಂದರು. ಮೇಡಂ ಒಂದೇ ಮಾತಿನಲ್ಲಿ ಬೇಡ ಎಂದರು. ಅಷ್ಟೇ ಅಲ್ಲ, ಮುನ್ಸೂಚನೆ ಇಲ್ಲದೆ ಚಿನ್ನದ ಪೊಟ್ಟಣಗಳನ್ನು ಎಣಿಸಿ ನೋಡುವುದನ್ನು ಮೊದಲಿಗಿಂತ ಹೆಚ್ಚು ಮಾಡಿದರು. ಒಂದೇ ಅಂಕಿಯನ್ನು ಎರಡು ಕಡೆ ಬರೆಯುವುದಕ್ಕೂ ಎರಡು ಕೀಲಿಗೂ ದೊಡ್ಡ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಫಲ ಕಾಣಿಸದೇ ಇರುವುದೇ ಫಲ. ಕೆಲಸ ಕಡಿಮೆ ಮಾಡುವ ಹುರುಪಿನಲ್ಲಿ ಇಂಥದ್ದನ್ನು ಕಿತ್ತು ಹಾಕಿ ಆಮೇಲೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವ ಪಾಡು ಯಾವ ಸಂಘಕ್ಕೂ ಬರಬಾರದು.

ಮೇಡಂ ತಮ್ಮ ಮೇಜಿನ ಕೆಲಸಕ್ಕೂ ಕತ್ತರಿ ಹಾಕಿದರು. ಪ್ರತಿ ಫೈಲು ಸಭೆಗೆ ಮೊದಲು ಒಮ್ಮೆ, ಸಭೆಯ ನಂತರ ಒಮ್ಮೆ ಅವರ ಹತ್ತಿರ ಬರುತ್ತಿತ್ತು. ಒಂದನ್ನು ತೆಗೆದರು. ದಿನವಿಡೀ "ನಂದು ಆಯ್ತಾ ಮೇಡಂ" ಎಂದು ಬರುತ್ತಿದ್ದ ಫೋನುಗಳಿಗೆ ಉತ್ತರವಾಗಿ, ಮಂಗಳವಾರ ಪಾಸಾದ ಅರ್ಜಿಗಳ ನಂಬರನ್ನು ಬುಧವಾರ ಬೆಳಿಗ್ಗೆ ಜಗುಲಿಯ ಬೋರ್ಡಿನಲ್ಲಿ ಹಾಕಿಸಿದರು. ಹೆಸರು ಹಾಕಲಿಲ್ಲ, ನಂಬರು ಮಾತ್ರ. ಯಾರು ಎಷ್ಟು ಸಾಲ ತೆಗೆದರು ಎಂಬುದು ಊರಿಗೆಲ್ಲ ಗೊತ್ತಾಗುವುದು ಬೇಡ ತಾನೇ. ಫೋನು ಕಡಿಮೆಯಾಯಿತು.

ಹಿರಿಯ ಗುಮಾಸ್ತರು

ಇಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಲೆಡ್ಜರ್ ಬರೆಯುತ್ತಿದ್ದವರು ಸಂಘದ ಅತಿ ಹಿರಿಯ ಗುಮಾಸ್ತರು. ಮುತ್ತಿನಂಥ ಅಕ್ಷರ. ಇಷ್ಟು ವರ್ಷದಲ್ಲಿ ಒಂದು ಕಡೆಯೂ ತಿದ್ದಿ ಬರೆದದ್ದಿಲ್ಲ ಎಂದು ಸಹೋದ್ಯೋಗಿಗಳು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಪುಸ್ತಕಕ್ಕೆ ಕೆಂಪು ದಾರ ಕಟ್ಟಿದ ದಿನ ಅವರು ಮಾತೇ ಆಡಲಿಲ್ಲ. ಆಮೇಲೆ ಕೆಲವು ದಿನ ಎಲ್ಲರೂ ಹೋದ ಮೇಲೆ ಕೂತು, ಪುಸ್ತಕ ಇಳಿಸಿ ಬರೆದದ್ದೂ ಉಂಟು. ಮೇಡಂಗೆ ಗೊತ್ತಿತ್ತು. ಬೈಯಲಿಲ್ಲ.

ಒಂದು ದಿನ ಅವರ ಹತ್ತಿರ ಕೂತು, "ಸರ್, ನವೀಕರಣದ ಕೌಂಟರಿಗೆ ನೀವು ಬರಬೇಕು. ಕಂಪ್ಯೂಟರ್ ಕೆಲಸ ಹುಡುಗಿ ಮಾಡ್ತಾಳೆ. ಜನರ ಹತ್ರ ಮಾತಾಡೋದು ನಿಮ್ಮಿಂದಲೇ ಆಗಬೇಕು" ಎಂದರು. ಮೊದಲ ವಾರ ಅವರು ಒಲ್ಲದ ಮನಸ್ಸಿನಿಂದಲೇ ಕೂತರು. ಆದರೆ ಯಾರ ಮನೆಯಲ್ಲಿ ಪಾಲಾಗಿದೆ, ಯಾರ ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ, ಪೌತಿ ಖಾತೆ ಮಾಡಿಸಿಲ್ಲ, ಇದೆಲ್ಲ ಅವರ ತಲೆಯಲ್ಲಿತ್ತು. ಮೊದಲೆಲ್ಲ ಇಂಥ ಅಡ್ಡಿ ಫೈಲು ಸಭೆಯ ಮುಂದೆ ಹೋದ ಮೇಲೆ ಗೊತ್ತಾಗುತ್ತಿತ್ತು. ಈಗ ಸದಸ್ಯರು ಕೌಂಟರಿಗೆ ಬಂದ ಮೊದಲ ದಿನವೇ ತಿಳಿಯಿತು. ಡಿಸೆಂಬರಿನಲ್ಲೇ ಅಂಥವರ ಪಟ್ಟಿ ಮಾಡಿ, ನಾಡಕಚೇರಿಗೆ ಈಗಲೇ ಅರ್ಜಿ ಕೊಡಿ ಎಂದು ಹೇಳಿ ಕಳಿಸುವ ಕ್ರಮವನ್ನು ಶುರು ಮಾಡಿದವರು ಅವರೇ. ಮೇಡಂ ಹೇಳಿ ಮಾಡಿಸಿದ್ದಲ್ಲ.

ಕೆಲಸ ಕಡಿತ ಎಂದರೆ ಜನರಿಗೆ ಕೇಳಿಸುವುದು ತಾವು ಬೇಡ ಎಂದು. ಅವರ ಕೈಯಿಂದ ಒಂದನ್ನು ತೆಗೆಯುವ ಮೊದಲು ಇನ್ನೊಂದನ್ನು ಕೊಡಬೇಕು, ಅದೂ ಅವರಿಗೆ ಒಪ್ಪುವಂಥದ್ದನ್ನು. ಈ ಪ್ರಕರಣದಲ್ಲಿ ಆ ಕ್ರಮ ಹಿಂದುಮುಂದಾಯಿತು. ಪುಸ್ತಕ ಮೊದಲು ಹೋಯಿತು, ಹೊಸ ಕೆಲಸ ಆಮೇಲೆ ಬಂತು. ನಡುವಿನ ಆ ದಿನಗಳು ಹಿರಿಯರಿಗೆ ಭಾರವಾದವು ಎಂದು ಮೇಡಂ ಕೂಡ ಒಪ್ಪುತ್ತಾರೆ.

ಎಡವಿದ್ದು ಎಲ್ಲಿ

ಗೊಬ್ಬರದ ಅಂಗಡಿಯ ಹುಡುಗ ದಿನಾ ಬೆಳಿಗ್ಗೆ ಗೇಟಿನ ಬೋರ್ಡಿನಲ್ಲಿ ದಾಸ್ತಾನು ಬರೆದು, ಅದರ ಫೋಟೋ ತೆಗೆದು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಯಾರೂ ಅದಕ್ಕೆ ಉತ್ತರ ಬರೆಯುತ್ತಿರಲಿಲ್ಲ. ಇದನ್ನು ಯಾರು ಓದುತ್ತಾರೆ ಎಂದು ಒಳಗಿನವರನ್ನು ಕೇಳಿದಾಗ, ಯಾರೂ ಇಲ್ಲ ಎಂದರು. ನಿಲ್ಲಿಸಿದರು.

ಜೂನ್ ಹತ್ತಿರ ಬಂತು. ಮಳೆ ಹಿಡಿಯುವ ಮೊದಲು, ಕೊಳೆರೋಗ ಬಾರದ ಹಾಗೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಲ್ಲರಿಗೂ ಮೈಲುತುತ್ತ ಒಂದೇ ಸಮಯಕ್ಕೆ ಬೇಕು. ಮದ್ದು ಹೊಡೆಯುವವರು ಸಿಗುವುದೇ ಕಷ್ಟ. ಅವರಿಗೆ ದಿನ ಹೇಳಿಟ್ಟು, ಹತ್ತು ಹನ್ನೆರಡು ಕಿಲೋಮೀಟರ್ ದೂರದಿಂದ ಬಾಡಿಗೆ ಜೀಪು ಮಾಡಿಕೊಂಡು ಬಂದವರಿಗೆ ಸ್ಟಾಕ್ ಖಾಲಿ ಎಂಬ ಉತ್ತರ. ಒಂದೇ ದಿನ ಏಳೆಂಟು ಮಂದಿ ಹಾಗೆ ವಾಪಸಾದರು. ದಿನಾ ಬೆಳಿಗ್ಗೆ ಆ ಫೋಟೋ ನೋಡಿಯೇ ಅವರು ಮನೆಯಿಂದ ಹೊರಡುತ್ತಿದ್ದದ್ದು. ಉತ್ತರ ಬರೆಯುವ ಅಗತ್ಯವೇ ಅವರಿಗೆ ಇರಲಿಲ್ಲ.

ಮರುದಿನವೇ ಬೋರ್ಡು, ಫೋಟೋ ಎರಡೂ ವಾಪಸ್ ಬಂದವು. ಹತ್ತು ನಿಮಿಷದ ಕೆಲಸ. ಅದು ಹತ್ತಾರು ಮನೆಗಳ ಒಂದು ದಿನವನ್ನು ಉಳಿಸುತ್ತಿತ್ತು. ಓದುವವರು ಕಚೇರಿಯ ಹೊರಗಿದ್ದಾಗ, ಕೇಳಬೇಕಾದದ್ದೂ ಹೊರಗೇ. ಪ್ರಶ್ನೆ ಸರಿಯಿತ್ತು, ಕೇಳಿದ ಜಾಗ ತಪ್ಪಿತ್ತು.

ಮುಂದಿನ ಮಾರ್ಚ್

ಮರುವರ್ಷ ಬದಲಾವಣೆ ಇಲ್ಲದ ನವೀಕರಣಗಳು ಹೆಚ್ಚಿನವು ಒಂದು ವಾರದ ಒಳಗೆ ಮುಗಿದವು. ಮಂಗಳವಾರಕ್ಕೆ ಸರಿಯಾಗಿ ಸೋಮವಾರ ಕಟ್ಟಿದವರಿಗೆ ಮೂರನೇ ದಿನಕ್ಕೇ ಹಣ ಸಿಕ್ಕಿದ್ದೂ ಉಂಟು. ಜನ ಇದನ್ನು ಬೇಗ ಕಂಡುಕೊಂಡರು. ಸೋಮವಾರ ಜಗುಲಿ ತುಂಬತೊಡಗಿತು, ಗುರುವಾರ ಖಾಲಿ. ಅದಕ್ಕಾಗಿ ಸೋಮವಾರ ಮಾತ್ರ ಎರಡನೇ ಕೌಂಟರ್ ತೆರೆದರು. ಮಾರ್ಚ್ ಕೊನೆಯ ವಾರ ಬಿಟ್ಟರೆ ಕಚೇರಿಗೆ ಆರು ಗಂಟೆಗೆ ಬೀಗ ಬೀಳುತ್ತಿತ್ತು. ತಾತ್ಕಾಲಿಕ ನೇಮಕ ಬೇಕಾಗಲಿಲ್ಲ.

ಎಲ್ಲವೂ ಸುಸೂತ್ರ ಎಂದೇನಲ್ಲ. ಸಭೆಯ ನಡವಳಿ ಬರೆಯುವುದು ಹಿಂದೆ ಬಿತ್ತು, ಯಾಕೆಂದರೆ ಸಭೆಗಳು ಹೆಚ್ಚಾದವು. ಕಂಪ್ಯೂಟರ್ ಕೈಕೊಟ್ಟ ಎರಡು ದಿನ, ಕೈಬರಹದ ಪುಸ್ತಕ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಲ್ಲರೂ ಅಂದುಕೊಂಡರು. ಅದಕ್ಕೆ ಅವರು ಕಂಡುಕೊಂಡ ದಾರಿ, ಸಾಲದ ಬಾಕಿಪಟ್ಟಿಯ ಪ್ರಿಂಟನ್ನು ವಾರಕ್ಕೊಮ್ಮೆ ತೆಗೆದಿಡುವುದು. ಕೆಂಪು ದಾರದ ಪುಸ್ತಕಗಳಲ್ಲಿ ಒಂದು ಮತ್ತೆ ಕೆಳಗಿಳಿಯಿತು: ಪಾಲು ಹಣ ವಾಪಸ್ ಕೊಟ್ಟದ್ದರ ರಿಜಿಸ್ಟರು. ಹಳೆಯ ಸದಸ್ಯರ ವಾರಸುದಾರರು ಬಂದು ಕೇಳಿದಾಗ ಅದು ಬೇಕಾಯಿತು.

ಬೇರೆಯವರು ಇದನ್ನು ಹೇಗೆ ನೋಡಬಹುದು

ತರಬೇತಿಗಳಲ್ಲಿ ನಾನು ಈ ಪ್ರಕರಣ ಹೇಳಿದಾಗ ಕೆಲವರು ಕೆಂಪು ದಾರವನ್ನಷ್ಟೇ ಹಿಡಿದುಕೊಂಡು ಹೋಗುತ್ತಾರೆ. ಅದು ಸುಲಭ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಂಚಿನ ಬಿಳಿ ಹಾಳೆಯೇ ಮುಖ್ಯ. ಅದಿಲ್ಲದೆ ಹೋಗಿದ್ದರೆ ಮೇಡಂ ಬರೀ ಲೆಡ್ಜರ್ ನಿಲ್ಲಿಸಿ ನಾಲ್ಕೈದು ದಿನ ಉಳಿಸುತ್ತಿದ್ದರು. ಅರ್ಧ ತಡಕ್ಕೆ ಕಾರಣವಾಗಿದ್ದ ಸಭೆಯ ತಾರೀಕು ಕಣ್ಣಿಗೇ ಬೀಳುತ್ತಿರಲಿಲ್ಲ. ಯಾಕೆಂದರೆ ಸಭೆ ಯಾರ ಮೇಜಿನ ಮೇಲೂ ಇರುವ ಕೆಲಸವಲ್ಲ. ನಿಮ್ಮಲ್ಲೂ ಯಾವುದಾದರೂ ಒಂದು ಅರ್ಜಿಯನ್ನೋ ಒಂದು ಬಿಲ್ಲನ್ನೋ ಹೀಗೆ ಹಿಂಬಾಲಿಸಿ ನೋಡಿ. ಒಂದೇ ಸಾಕು ಎನ್ನುವುದಿಲ್ಲ, ಮೂರ್ನಾಲ್ಕು ನೋಡಿದರೆ ಒಳ್ಳೆಯದು. ಅಷ್ಟರಲ್ಲೇ ಕಾಯುವ ಜಾಗ ಯಾವುದು ಎಂದು ಕಾಣುತ್ತದೆ.

ಇನ್ನೊಂದನ್ನು ಆ ಸಂಘ ಈಗ ನಿಯಮವೇ ಮಾಡಿಕೊಂಡಿದೆ. ಹೊಸ ರಿಜಿಸ್ಟರು, ಹೊಸ ವರದಿ ಏನೇ ಶುರು ಮಾಡಿದರೂ ಮೊದಲ ಪುಟದಲ್ಲಿ ಮೂರು ಸಾಲು: ಯಾರು ಕೇಳಿದ್ದು, ಯಾಕೆ, ಯಾವತ್ತಿನವರೆಗೆ. ಆ ದಿನ ಬಂದಾಗ ಮುಂದುವರಿಸಬೇಕೆಂದರೆ ಮತ್ತೆ ಬರೆಯಬೇಕು. ಬರೆಯದಿದ್ದರೆ ಅದು ನಿಂತಂತೆಯೇ.

ಬಗೆಹರಿಯದೆ ಉಳಿದದ್ದು ಮೇಲಿನಿಂದ ಬರುವ ಕೆಲಸ. ಒಂದೇ ವಸೂಲಿ ಅಂಕಿಯನ್ನು ಮೂರು ನಮೂನೆಯಲ್ಲಿ ಮೂರು ಕಡೆಗೆ ಕಳಿಸುವುದು ಇವತ್ತಿಗೂ ನಡೆಯುತ್ತಿದೆ. ಅಕ್ಕಪಕ್ಕದ ಬ್ಯಾಂಕುಗಳಿಂದ ಬಾಕಿ ಇಲ್ಲ ಎಂಬ ಪತ್ರವನ್ನು ಸದಸ್ಯರು ಈಗಲೂ ಅಲೆದು ತರಬೇಕು. ಒಂದು ಸಂಘದ ಮ್ಯಾನೇಜರ್ ಒಬ್ಬರೇ ಇದನ್ನು ನಿಲ್ಲಿಸಲು ಆಗುವುದಿಲ್ಲ. ತಾಲ್ಲೂಕಿನ ಬೇರೆ ಸಂಘಗಳವರ ಜೊತೆ ಸೇರಿ ಮೇಡಂ ಈಗ ಮೂರು ನಮೂನೆಗಳನ್ನು ಒಂದರ ಪಕ್ಕ ಒಂದು ಇಟ್ಟು, ಯಾವ ಕಾಲಂ ಎಷ್ಟು ಸಲ ಬರುತ್ತದೆ ಎಂದು ಗುರುತು ಹಾಕಿಸುತ್ತಿದ್ದಾರೆ. ಮುಂದಿನ ಮಾರ್ಚ್‌ಗೆ ಮೊದಲು ಆ ಹಾಳೆಗಳನ್ನು ಹಿಡಿದುಕೊಂಡು ಎಲ್ಲರೂ ಒಟ್ಟಿಗೆ ಮೇಲಿನ ಬ್ಯಾಂಕಿಗೆ ಹೋಗುವುದು ಎಂದು ತೀರ್ಮಾನವಾಗಿದೆ.